ಕರೆಯದ ಕುಬುಸಕ್ಕೆ ಬಂದವರು

ವೀರಭದ್ರಮ್ಮನವರು ಕರೆಯದ ಕುಬುಸಕ್ಕೆ ಹೋಗುತ್ತಿದ್ದರು. ಲಿಂಗಸುಗೂರಿನಿಂದ ಮಸ್ಕಿಯವರೆಗೆ, ಮಸ್ಕಿಯಿಂದ ಸಿಂಧನೂರಿನ ಕಾಲುವೆಯಂಚಿನವರೆಗೆ, ಯಾವ ಊರಿನ ಯಾವ ಮನೆಯಲ್ಲಿ ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಕುಬುಸ ಮಾಡಿ ತವರಿಗೆ ಕಳಿಸುತ್ತಾರೆಂಬ ಸುದ್ದಿ ಅವರಿಗೆ ಹೇಗೆ ಮುಟ್ಟುತ್ತಿತ್ತೋ, ಬಳೆಗಾರ ಹೇಳುತ್ತಿದ್ದನೋ, ಬಸ್ಸಿನ ಕಂಡಕ್ಟರ್ ಹೇಳುತ್ತಿದ್ದನೋ ಯಾರಿಗೂ ತಿಳಿಯದು. ಆರತಿಯ ಹೊತ್ತಿಗೆ ಸರಿಯಾಗಿ ಆ ಗಿಡ್ಡ ದೇಹ, ಬಿಳಿ ಸೀರೆ, ಗಂಡಸರು ಮೆಟ್ಟುವ ಟೈರಿನ ಚಪ್ಪಲಿ, ಹೆಗಲಿಗೆ ಜೋತುಬಿದ್ದ ಲಸಿಕೆ ಇಟ್ಟ ಮಂಜುಗಡ್ಡೆಯ ಡಬ್ಬಿ ಅಂಗಳದಲ್ಲಿ ಪ್ರತ್ಯಕ್ಷವಾಗುತ್ತಿದ್ದವು. ಮನೆಯ ಯಜಮಾನ ಮುಖ ಸಿಂಡರಿಸಿದರೆ ಸಿಂಡರಿಸಲಿ, ಅವರು ಪಂಕ್ತಿಯಲ್ಲಿ ಕುಳಿತು, ಶೇಂಗಾ ಹೋಳಿಗೆಗೆ ಇನ್ನೊಂದಿಷ್ಟು ತುಪ್ಪ ಹಾಕಿಸಿಕೊಂಡು ಉಂಡು, ಕೈ ತೊಳೆದು ಮುತ್ತೈದೆಯರ ಸಾಲಿನಲ್ಲಿ ತಾವೂ ನಿಲ್ಲುತ್ತಿದ್ದರು. ಉಳಿದವರು ಆರತಿ ಬೆಳಗಿದರೆ ಇವರು ತಮ್ಮ ಸರದಿ ಬಂದಾಗ ಬಸುರಿಯ ಕಣ್ಣಿನ ಕೆಳರೆಪ್ಪೆಯನ್ನು ಜಗ್ಗಿ ನೋಡುತ್ತಿದ್ದರು. ಪಾದ ಒತ್ತಿ ಬಾವು ನೋಡುತ್ತಿದ್ದರು. ಸೋಬಾನೆ ಹಾಡುವವರ ಹಾಡು ನಿಲ್ಲುವ ಮೊದಲೇ ಧನುರ್ವಾಯುವಿನ ಸೂಜಿ ಚುಚ್ಚಿ ಮುಗಿಸುತ್ತಿದ್ದರು. "ಎಲ್ಲಾರೂ ಉಡಿ ತುಂಬೀರಿ, ನಾ ತೋಳು ತುಂಬೀನಿ, ಹೌದಿಲ್ಲೋ?" ಎಂದು ಅವರು ಕೇಳಿದರೆ ಅಲ್ಲ ಎನ್ನುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ.

ಈ 'ಹೌದಿಲ್ಲೋ' ಅವರ ಮಾತಿನ ಬಾಲವಾಗಿತ್ತು. ಅವರದು ನರ್ಸಮ್ಮಂದಿರ ಮೇಲೆ ಕಣ್ಣಿಡುವ ಹುದ್ದೆ. ಒಂದು ಆರೋಗ್ಯ ಕೇಂದ್ರಕ್ಕೆ ಸೇರಿದ ಹಳ್ಳಿಗಳಲ್ಲಿ ನರ್ಸಮ್ಮಂದಿರು ಬಸುರಿಯರನ್ನು ನೋಡುತ್ತಾರೋ ಇಲ್ಲವೋ, ತರಬೇತಿ ಪಡೆದು ಸರ್ಕಾರದ ಅಲ್ಯೂಮಿನಿಯಂ ಪೆಟ್ಟಿಗೆ ಪಡೆದುಕೊಂಡ ಸೂಲಗಿತ್ತಿಯರು ಹೊಕ್ಕುಳಬಳ್ಳಿಯನ್ನು ಹೊಸ ಬ್ಲೇಡಿನಿಂದ ಕೊಯ್ಯುತ್ತಾರೋ ಹಳೆಯ ಕುಡಗೋಲಿನಿಂದಲೋ ಎಂದು ಊರೂರು ತಿರುಗಿ ನೋಡುವುದು ಅವರ ಕೆಲಸ. ಆ ಕೇಂದ್ರದ ಹೆಸರು ಬೇಡ. ಎಂಬತ್ತರ ದಶಕದಲ್ಲಿ ಅಂಥವು ಬೇಕಾದಷ್ಟಿದ್ದವು. ಜನ ಅವರನ್ನು ದೊಡ್ಡ ಸಿಸ್ಟರು ಎನ್ನುತ್ತಿದ್ದರು. ಹೊಲ ಅಳೆಯುವವರಂತೆ ಉದ್ದುದ್ದ ಹೆಜ್ಜೆ ಹಾಕಿ ಓಣಿ ಹೊಕ್ಕರೆಂದರೆ, ಕಟ್ಟೆಯ ಮೇಲೆ ಕುಳಿತ ಮುದುಕಿಯರು ಸಹ ತಮಗರಿವಿಲ್ಲದೆ ಉಗುರುಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು, ಏಕೆಂದರೆ ಯಾರ ಕೈಯನ್ನಾದರೂ ಹಿಡಿದು ತಿರುವಿ, ಉಗುರು ನೋಡಿ, ಮೂಸಿಯೂ ನೋಡುವ ಪದ್ಧತಿ ಅವರದು. ಅವರ ಪತಿ ಶಿವಶರಣಪ್ಪನವರು ಮಸ್ಕಿಯಲ್ಲಿ ಕಾಳುಕಡಿಯ ಅಂಗಡಿ ಇಟ್ಟಿದ್ದ ಸಾಧುಪ್ರಾಣಿ. "ಊರಿಗೆಲ್ಲಾ ತಿಂಗಳಿಗೊಮ್ಮಿ ಇನ್‌ಸ್ಪೆಕ್ಷನ್ ರೀ, ನನಗ ದಿನಾ," ಎಂದು ಗಿರಾಕಿಗಳೆದುರು ನಗುತ್ತಿದ್ದರು, ಊಟಕ್ಕೆ ಹೋಗುವ ಮುನ್ನ ಮಾತ್ರ ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದರು.

ಕರೆಯದ ಕುಬುಸಕ್ಕೆ ಅವರು ಹೋಗುತ್ತಿದ್ದುದು ಹೋಳಿಗೆಯ ಆಸೆಗಲ್ಲ, ಸಿಟ್ಟಿಗೆ. ಆ ಸಿಟ್ಟಿನ ಮೂಲವನ್ನು ಬಿಡಿಸಿ ಹೇಳಬೇಕು. ನಮ್ಮ ಸೀಮೆಯಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಮದುವೆಯಾಗಿ ಗಂಡನ ಊರಿಗೆ ಬಂದವಳು ಬಸುರಾದಾಗ ಅಲ್ಲಿಯ ನರ್ಸಮ್ಮ ಅವಳ ಹೆಸರು ಬರೆದುಕೊಳ್ಳುತ್ತಾಳೆ. ಕುಬುಸವಾಗಿ ಅವಳು ತವರಿಗೆ ಹೊರಟ ದಿನ 'ಊರಲ್ಲಿಲ್ಲ' ಎಂದು ಬರೆದು ಕೈ ತೊಳೆದುಕೊಳ್ಳುತ್ತಾಳೆ. ತವರಿನ ನರ್ಸಮ್ಮನೋ, 'ಈಕೆ ನಮ್ಮ ಪಟ್ಟಿಯವಳಲ್ಲ, ಗಂಡನ ಊರಿನವಳು' ಎಂದು ಆ ಬಾಗಿಲನ್ನೇ ತುಳಿಯುವುದಿಲ್ಲ. ಹೀಗೆ ಹೆಣ್ಣು ಮೈಯಲ್ಲಿ ಎರಡು ಜೀವ ಹೊತ್ತುಕೊಂಡಿರುವ ಕಡೆಯ ತಿಂಗಳುಗಳಲ್ಲೇ, ನೋಡುವವರು ಹೆಚ್ಚಾಗಬೇಕಾದ ಹೊತ್ತಿನಲ್ಲೇ, ಸರ್ಕಾರದ ಕಣ್ಣಿಗೆ ಅವಳು ಕಾಣೆಯಾಗುತ್ತಿದ್ದಳು. ತಾಯಿ ಮನೆಗೆ ಹೋದ ಮಗಳು ಕಾಣೆಯಾದಳೆಂದು ಬರೆದುಕೊಳ್ಳುವ ರಾಜ್ಯ ಈ ಭೂಮಿಯ ಮೇಲೆ ಇನ್ನೆಲ್ಲಾದರೂ ಇದೆಯೇ? ದೊಡ್ಡ ದೊಡ್ಡ ಡಿಗ್ರಿ ಪಡೆದವರು ರಾಯಚೂರಿನಲ್ಲಿ ಕುಳಿತು ವರ್ಷಗಟ್ಟಲೆ ಈ ಏರ್ಪಾಡನ್ನು ನಡೆಸಿದರು, ಒಬ್ಬರಿಗೂ ನಾಚಿಕೆಯಾಗಲಿಲ್ಲ. ವೀರಭದ್ರಮ್ಮನವರು ಮಾತ್ರ, ತಮ್ಮ ಹಳ್ಳಿಗಳಿಗೆ ಹೆರಲು ಬರುವ ಹೆಣ್ಣುಮಕ್ಕಳು ಯಾರು ಯಾರು ಎಂದು ತಿಳಿಯಲು ಕುಬುಸವೇ ಸರಿಯಾದ ಜಾಗವೆಂದು ಕಂಡುಕೊಂಡು, ಪರರ ಹದ್ದಿನೊಳಗೆ ಕಾಲಿಟ್ಟಾದರೂ ಸರಿ, ಸೂಜಿ ಹಿಡಿದು ಹೋಗುತ್ತಿದ್ದರು.

ಅವರೇನು ದೇವತೆಯಲ್ಲ. ಬಾಯಿ ಬಹಳ ಕೆಟ್ಟದ್ದು. ಒಮ್ಮೆ ಹೆಂಡತಿಯ ಹೆರಿಗೆ ಬ್ಯಾನೆ ಏರುತ್ತಿರುವಾಗ ಇಸ್ಪೀಟು ಆಡುತ್ತಿದ್ದವನ ಕಪಾಳಕ್ಕೆ ಎಲ್ಲರೆದುರು ಬಾರಿಸಿದ್ದರು. ಮರುದಿನ ಅವನಿಂದಲೇ ಚಹಾ ತರಿಸಿಕೊಂಡು ಕುಡಿದರು. ಸಿಂಧನೂರಿನ ಕಡೆ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನ ಬಂಗಾಲಿ ಮನೆಯೊಂದರಲ್ಲಿ, ಮಾತಿಗೆ ಮಾತು ತಿಳಿಯದೆ, ಕೈ ತೊಳೆಯಲೊಲ್ಲದ ಅಲ್ಲಿಯ ಸೂಲಗಿತ್ತಿ ದಾಯಿಯ ಮೇಲೆ ಕಣ್ಣಿಟ್ಟು, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಈ ಹೆಂಗಸು ಮೀನು ಹೆಚ್ಚುವ ಜಾಗದ ಪಕ್ಕದಲ್ಲೇ ಮೂಗಿಗೆ ಸೆರಗು ಹಿಡಿದು ಕೂಸು ಹುಟ್ಟುವ ತನಕ ಕುಳಿತಿದ್ದರು. ಹೊರಡುವಾಗ ಆ ಮನೆಯ ಅಜ್ಜಿ ಪ್ರೀತಿಯಿಂದ ಎಲೆಯಲ್ಲಿ ಸುತ್ತಿದ ಮೀನೊಂದನ್ನು ಕೈಗಿಟ್ಟಳು. ವೀರಭದ್ರಮ್ಮನವರು ಅದನ್ನು ಬಸ್ಸಿನಲ್ಲಿ ಮಸ್ಕಿಯವರೆಗೆ ತೋಳುದ್ದ ದೂರ ಹಿಡಿದುಕೊಂಡು ಬಂದು, ನಿಲ್ದಾಣದಲ್ಲಿ ಎದುರಾದ ಸೂಲಗಿತ್ತಿ ಮಕ್ತುಂಬೀಗೆ ಒಪ್ಪಿಸಿದರು. "ಒಲ್ಲೆ ಅಂತ ಬಿಟ್ಟು ಬರಬಾರ್ದಿತ್ತೇನ್ರಿ?" ಎಂದು ಮಕ್ತುಂಬೀ ನಕ್ಕಾಗ, "ಒಲ್ಲೆ ಅಂದ್ರ ಮುಂದಿನ ಸಲ ಬಾಗಲಾ ತಗೀತಾರೇನು?" ಎಂದು ಅವಳನ್ನೇ ಗದರಿಸಿದರು.

ಇನ್ನೂ ಒಂದು ದೋಷವಿತ್ತು, ಅದು ಅವರದಷ್ಟೇ ಅಲ್ಲ, ಆ ಕಾಲದ್ದು. ಆಗ ಆರೋಗ್ಯ ಇಲಾಖೆಗೆ ಕುಟುಂಬ ಯೋಜನೆಯ ಟಾರ್ಗೆಟ್ ಎಂಬುದು ಗ್ರಹಚಾರದಂತೆ ಹಿಡಿದಿತ್ತು. ಹೆರಿಗೆ ಹೇಗಾಯಿತೆಂದು ಕೇಳುವವರಿರಲಿಲ್ಲ, ಆಪರೇಷನ್ ಎಷ್ಟಾದವೆಂದು ಕೇಳುವವರೇ ಎಲ್ಲ. ಮಾರ್ಚ್ ತಿಂಗಳು ಬಂತೆಂದರೆ ಶಾಲೆಯ ಕೋಣೆಗಳಲ್ಲಿ ಶಿಬಿರ, ನೆಲದ ಮೇಲೆ ಸಾಲಾಗಿ ಮಲಗಿದ ಹೆಂಗಸರು, ಊರೂರಿಂದ ಹೆಂಗಸರನ್ನು ತಂದು ಸುರಿಯುವ ಜೀಪು. ವೀರಭದ್ರಮ್ಮನವರೂ ಈ ಓಟದಲ್ಲಿ ಓಡಿದವರೇ. ಒಂದು ವರ್ಷ ಜಿಲ್ಲೆಯಿಂದ ಸ್ಟೀಲಿನ ಕೊಡ ಬಹುಮಾನ ಪಡೆದು, ಅದರಲ್ಲೇ ನೀರು ತುಂಬಿಸಿ ಬಂದವರಿಗೆಲ್ಲ ಹೆಮ್ಮೆಯಿಂದ ಕೊಡುತ್ತಿದ್ದರು.

ಅದೇ ದಶಕದ ಕೊನೆಯ ಒಂದು ವರ್ಷ, ಸಂಕ್ರಾಂತಿ ಮುಗಿದ ಮೇಲೆ, ಅವರು ಸಂತೆಕಲ್ಲೂರಿನ ಒಂದು ಕುಬುಸಕ್ಕೆ ಹೋದರು. ಹುಡುಗಿಯ ಹೆಸರು ಹೊನ್ನೂರಮ್ಮ. ಗಂಡನ ಮನೆ ಅಲ್ಲಿ, ಅದು ಬೇರೆ ಕೇಂದ್ರದ ಹದ್ದು. ತವರು ಪಾಮನಕಲ್ಲೂರಿನಾಚೆಯ ಒಂದು ಸಣ್ಣ ಹಳ್ಳಿ, ಅದು ಇವರ ಹದ್ದು. ರೆಪ್ಪೆ ಜಗ್ಗಿ ನೋಡಿದರೆ ಒಳಗೆ ಸುಣ್ಣ ಬಳಿದ ಹಾಗೆ ಬಿಳಿ. ವೀರಭದ್ರಮ್ಮನವರು ಹುಡುಗಿಯ ತಾಯಿ ಮುದುಕಮ್ಮನನ್ನು ಹಿತ್ತಲಿಗೆ ಕರೆದೊಯ್ದರು.

"ಈ ಹುಡುಗಿ ಮೈಯಾಗ ರಕ್ತನ ಇಲ್ಲ. ಮನ್ಯಾಗ ಹಡಿಯೂದು ಬ್ಯಾಡ. ಬ್ಯಾನಿ ಸುರು ಆತಂದ್ರ ದವಾಖಾನಿಗೆ ಒಬ್ಬರನ್ನ ಓಡಸ್ರಿ, ಜೀಪು ತಗೊಂಡು ನಾನೇ ಬರ್ತೀನಿ. ಬಂಡ್ಯಾಗ ಹಾಕ್ಕೊಂಡು ಕುಲುಕಿಸಬ್ಯಾಡ್ರಿ."

"ಖರೇನ ಬರ್ತೀರೇನವ್ವಾ?" ಎಂದಳು ಮುದುಕಮ್ಮ. ಸರ್ಕಾರದ ಜೀಪು ಕುರಿ ಕಾಯುವವರ ಮನೆಯ ಮುಂದೆ ಬಂದು ನಿಂತದ್ದನ್ನು ಅವಳು ಕಂಡವಳಲ್ಲ.

"ನಾ ಮಾತು ಕೊಟ್ಟೀನಿ," ಎಂದು ವೀರಭದ್ರಮ್ಮನವರು ಅವಳ ಕೈಯ ಮೇಲೆ ಕೈಯಿಟ್ಟರು. ಆಮೇಲೆ ತವರಿನ ಊರಿನ ನರ್ಸಮ್ಮನಿಗೂ, ಅಲ್ಲಿಯ ಹೆರಿಗೆಗಳಿಗೆ ಹೋಗುವ ಮಕ್ತುಂಬೀಗೂ ಎಚ್ಚರ ಹೇಳಿದರು. ಕಬ್ಬಿಣಾಂಶದ ಗುಳಿಗೆಗಳನ್ನು ತಾವೇ ಎರಡು ಸಲ ಮುಟ್ಟಿಸಿ ಬಂದರು. ಆ ಹುಡುಗಿ ಉಳಿಯಬೇಕೆಂದು ಒಬ್ಬ ಮನುಷ್ಯಳು ಏನೇನು ಮಾಡಬಹುದೋ ಅಷ್ಟನ್ನೂ ಅವರು ಮಾಡಿದ್ದರು.

ಮಾರ್ಚ್ ಬಂತು. ಟಾರ್ಗೆಟ್ ಮುಟ್ಟದವರ ಪಗಾರ ನಿಲ್ಲಿಸುತ್ತೇವೆಂದು ಜಿಲ್ಲೆಯಿಂದ ತಾಕೀತು ಬಂದಿತ್ತು. ಕೇಂದ್ರದ ವೈದ್ಯಾಧಿಕಾರಿ ಬಸವಂತರಾಯರು ದವಾಖಾನೆಗೆ ಬೀಗ ಹಾಕಿಸಿ, ಜವಾನನಿಂದ ಹಿಡಿದು ಎಲ್ಲರನ್ನೂ ಒಂದು ಶಾಲೆಯಲ್ಲಿ ಹೂಡಿದ ಶಿಬಿರಕ್ಕೆ ಕರೆದೊಯ್ದರು. ಕೈ ಸಾಲದೆಂದು ಹಳ್ಳಿಗಳ ನರ್ಸಮ್ಮಂದಿರನ್ನೂ ಕರೆಸಬೇಕಾಯಿತು. ಹೇಳಿ ಕಳಿಸಿದವರು ವೀರಭದ್ರಮ್ಮನವರೇ. ಹೊನ್ನೂರಮ್ಮನಿಗೆ ದಿನ ತುಂಬಲು ಇನ್ನೂ ಎರಡು ವಾರವಿದೆ ಎಂಬ ಎಣಿಕೆ ಅವರದಾಗಿತ್ತು. ಆದರೆ ಬ್ಯಾನೆ ಬಂದದ್ದು ಅದೇ ದಿನ.

ಹುಡುಗಿಯ ಅಣ್ಣ ಆದಪ್ಪ ಸೈಕಲ್ ತುಳಿದುಕೊಂಡು ದವಾಖಾನೆಗೆ ಬಂದರೆ ಬಾಗಿಲಿಗೆ ಬೀಗ. ಯಾರೋ ಶಿಬಿರದ ದಾರಿ ತೋರಿಸಿದರು. ಬಿಸಿಲಲ್ಲಿ ಅಲ್ಲಿಗೆ ಬಂದ. ಜೀಪು ಶಾಲೆಯ ಬೇವಿನ ಮರದ ನೆರಳಲ್ಲೇ ನಿಂತಿತ್ತು, ಸಂಜೆ ಆಪರೇಷನ್ ಆದ ಹೆಂಗಸರನ್ನು ಊರಿಗೆ ಬಿಡಲೆಂದು. ಬಸವಂತರಾಯರು ಬಾಗಿಲಲ್ಲೇ ತಡೆದು, ಹುಡುಗಿ ಯಾರು, ಗಂಡನ ಊರು ಯಾವುದು ಎಂದು ಕೇಳಿದರು. "ಸಂತೆಕಲ್ಲೂರಾ? ಹಂಗಾರ ಆಕಿ ಹೆಸರು ನಮ್ಮಲ್ಲಿ ಇಲ್ಲ. ಆ ಕಡೆ ದವಾಖಾನಿಗೆ ಹೋಗಿ ಕೇಳು," ಎಂದರು. ದೊಡ್ಡ ಸಿಸ್ಟರಿಗೆ ಒಂದು ಮಾತು ಹೇಳ್ರಿ ಎಂದು ಅವನು ಕೈ ಮುಗಿದ. ಒಳಗೆ ಆಪರೇಷನ್ ನಡೆದಿವೆ, ಹೊರಗಿನವರಿಗೆ ಪ್ರವೇಶವಿಲ್ಲವೆಂದು ಅವನನ್ನು ಅಟ್ಟಿದರು. ಒಂದು ಗೋಡೆಯ ಆಚೆ ವೀರಭದ್ರಮ್ಮನವರು, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತ, ಸಾಲಿನ ಮುಂದಿನ ಹೆಂಗಸನ್ನು ಕರೆಯುತ್ತಿದ್ದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ದೇವರಿಗೆ ಸುದ್ದಿಯನ್ನೇ ಮುಟ್ಟಿಸಲಿಲ್ಲ.

ಆದಪ್ಪ ಆ ಕಡೆಯ ದವಾಖಾನೆಗೆ ಅಲೆಯುತ್ತಿರುವಾಗಲೇ ಊರಲ್ಲಿ ಮಧ್ಯಾಹ್ನ ಕೂಸು ಹುಟ್ಟಿತು, ಹೆಣ್ಣು, ಗಟ್ಟಿಯಾಗಿ ಅತ್ತಿತು. ಕಸ ಮಾತ್ರ ಬೀಳಲಿಲ್ಲ. ಮಾಸನ್ನು ನಮ್ಮ ಕಡೆ ಕಸ ಎನ್ನುತ್ತಾರೆ, ಅದು ಒಳಗೆ ಉಳಿದರೆ ಬಾಣಂತಿಯ ರಕ್ತ ನಿಲ್ಲುವುದಿಲ್ಲ. ಹಿಂದಿನವಳಾಗಿದ್ದರೆ ಮಕ್ತುಂಬೀ ಬಾಣಂತಿಯ ಬಾಯಿಗೆ ಅವಳದೇ ಜಡೆಯ ತುದಿ ತುರುಕಿ ಓಕರಿಕೆ ಬರಿಸುತ್ತಿದ್ದಳು, ಇಲ್ಲವೇ ಬಳ್ಳಿ ಹಿಡಿದು ಜಗ್ಗುತ್ತಿದ್ದಳು. ತರಬೇತಿಯಲ್ಲಿ ಅದು ಕೂಡದೆಂದು ಕಲಿತವಳು, ಹೊಟ್ಟೆ ಒತ್ತಿ ಹಿಡಿದುಕೊಂಡು, "ಜೀಪು ಎಲ್ಲಿಗೆ ಬಂತು ನೋಡ್ರಪ್ಪಾ" ಎಂದು ಕೂಗುತ್ತ ಕುಳಿತಳು. ದೀಪ ಹಚ್ಚುವ ಹೊತ್ತಿಗೆ ಹೊನ್ನೂರಮ್ಮನ ಕೈ ತಣ್ಣಗಾಯಿತು.

ಮರುದಿನ ಮಕ್ತುಂಬೀ ನಡೆದೇ ದವಾಖಾನೆಗೆ ಬಂದು, ತನ್ನ ಅಲ್ಯೂಮಿನಿಯಂ ಪೆಟ್ಟಿಗೆಯನ್ನು ವೀರಭದ್ರಮ್ಮನವರ ಕಾಲ ಬಳಿ ಇಟ್ಟಳು. "ನೀವು ಹೇಳಿದಂಗ ಮಾಡೀನ್ರಿ ಅಕ್ಕಾ. ಕೈ ಹಚ್ಚಿಲ್ಲ, ಜಗ್ಗಿಲ್ಲ. ನಿಮ್ಮ ಕಡೆ ಕಳಿಸೀನಿ," ಎಂದಳು. ಅವರು ಉತ್ತರ ಕೊಡುವ ಮೊದಲೇ ಬಸವಂತರಾಯರು ಆ ಪೆಟ್ಟಿಗೆಯನ್ನು ಒಳಗಿಡಿಸಿ ಬೀಗ ಹಾಕಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಸೂಲಗಿತ್ತಿಯ ಮೇಲೆ ವಿಚಾರಣೆ ನಡೆಸಿ ವರದಿ ಕೊಡಬೇಕೆಂದು ವೀರಭದ್ರಮ್ಮನವರಿಗೇ ಅಪ್ಪಣೆಯಾಯಿತು. ಒಬ್ಬರೇ ಸಿಕ್ಕಾಗ ಡಾಕ್ಟರು ದನಿ ತಗ್ಗಿಸಿ, "ನೀವು ನಮ್ಮವರ ಪೈಕಿ, ತಿಳಿದವರು. ಆಕಿ ಕಸ ಜಗ್ಗ್ಯಾಳ, ಅದಕ್ಕ ಹಿಂಗಾತು ಅಂತ ಬರದು ಮುಗಿಸಿಬಿಡ್ರಿ," ಎಂದರು. ವಿಚಾರಣೆಯೆಂದರೆ ಮೊದಲು ಸತ್ತವರ ಮನೆಗೆ ಹೋಗಬೇಕು, ಅವರು ಹೋದರು. ಶಿಬಿರದ ಬಾಗಿಲಲ್ಲಿ ಡಾಕ್ಟರು ಹೇಳಿದ್ದನ್ನೆಲ್ಲ ಆದಪ್ಪ ಅಲ್ಲಿ ತಿಳಿಸಿದ.

ಮುದುಕಮ್ಮ ಬೈಯಲಿಲ್ಲ. ಬೈದಿದ್ದರೆ ವೀರಭದ್ರಮ್ಮನವರಿಗೆ ಅನುಕೂಲವಾಗುತ್ತಿತ್ತು, ಬೈಗುಳಕ್ಕೆ ಬೈಗುಳ ಕೊಟ್ಟು ರೂಢಿಯಿದ್ದವರು ಅವರು. ಮೊಮ್ಮಗಳಿಗೆ ಬಟ್ಟೆಯ ಬತ್ತಿಯಲ್ಲಿ ಆಡಿನ ಹಾಲು ಚೀಪಿಸುತ್ತ ಕುಳಿತಿದ್ದ ಆ ಹೆಂಗಸು ತಲೆಯೆತ್ತದೆ ಹೇಳಿದಳು:

"ಬಂಡಿ ಹೂಡಿದ್ವಿ ಯವ್ವಾ. ಹೂಡಿ ಮತ್ತ ಎತ್ತಿನ ಕೊಳ್ಳು ಬಿಟ್ವಿ. ದೊಡ್ಡ ಸಿಸ್ಟರು ಬಂಡ್ಯಾಗ ಕುಲುಕಿಸಬ್ಯಾಡ್ರಿ ಅಂದಾರ, ಮಾತು ಕೊಟ್ಟಾರ, ಬಂದೇ ಬರ್ತಾರ ಅಂದೆ ನಾನು. ನೀವು ಮಾತು ಕೊಡದಿದ್ರ ನಾವು ಕಾಯ್ತಿದ್ದಿಲ್ಲ."

ವೀರಭದ್ರಮ್ಮನವರು ಎದ್ದರು. ಅಂಗಳದಲ್ಲಿ ನೊಗ ನೆಲಕ್ಕೂರಿ ನಿಂತಿದ್ದ ಬಂಡಿಯನ್ನು ದಾಟಿ, ಬಸ್ಸಿಗೂ ಕಾಯದೆ, ಪಾಮನಕಲ್ಲೂರಿನವರೆಗೆ ನಡೆದರಂತೆ. ಸೌಮ್ಯಸ್ವಭಾವದ ಶಿವಶರಣಪ್ಪನವರು ಮುಂದೆ ಈ ಸಂಗತಿ ಹೇಳುವಾಗಲೆಲ್ಲ, ಆ ಸಂಜೆ ಹೆಂಡತಿ ಬಹುಮಾನದ ಕೊಡವನ್ನು ಹಿತ್ತಲಿನ ಎಮ್ಮೆಗೆ ನೀರು ಹೊರಲು ಹಾಕಿದಳೆಂದಷ್ಟೇ ಹೇಳುತ್ತಿದ್ದರು.

ತಿಂಗಳ ಸಭೆಗೆ ಜಿಲ್ಲೆಯ ಸಾಹೇಬರು ಬಂದರು. ಮಕ್ತುಂಬೀಯನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿದ್ದರು, ಕರೆದಾಗ ಬಂದು ತಪ್ಪೊಪ್ಪಿಕೊಳ್ಳಲೆಂದು. ಬಸವಂತರಾಯರು ಅಜ್ಞಾನಿ ಸೂಲಗಿತ್ತಿಯರಿಂದಾಗುವ ಅನಾಹುತಗಳ ಮೇಲೆ ಒಂದು ಸಣ್ಣ ಭಾಷಣವನ್ನೇ ಮಾಡಿ, ವರದಿ ಓದಿರೆಂದು ವೀರಭದ್ರಮ್ಮನವರತ್ತ ತಿರುಗಿದರು. ಅವರ ಕೈಯಲ್ಲಿ ಕಾಗದವೇ ಇರಲಿಲ್ಲ. ಎದ್ದು ನಿಂತು, ಓಣಿಯಲ್ಲಿ ಹಾಲು ನೀರಾದದ್ದಕ್ಕೆ ಜಗಳ ತೆಗೆಯುವ ದನಿಯಲ್ಲೇ ಹೇಳಿದರು:

"ಕಸ ಬೀಳದಿದ್ರ ಕೈ ಹಚ್ಚಬ್ಯಾಡ, ದವಾಖಾನಿಗೆ ಹೇಳಿ ಕಳಸು ಅಂತ ಆಕಿಗೆ ಕಲಿಸಿದಾಕಿ ನಾನು. ಆಕಿ ಹೇಳಿ ಕಳಸ್ಯಾಳ. ಹೇಳಿಸಿಕೊಳ್ಳಾಕ ಯಾರಿದ್ರು ಇಲ್ಲಿ? ಆ ಊರಿನ ನರ್ಸಮ್ಮನ್ನ ಕ್ಯಾಂಪಿಗೆ ಕರಸಿಕೊಂಡಾಕಿ ನಾನು. ಬಂಡಿ ಹೂಡಬ್ಯಾಡ್ರಿ ಅಂದಾಕೀನೂ ನಾನು. ಜೀಪು ನೆರಳಿಗೆ ನಿಲ್ಲಿಸಿಕೊಂಡವರು ಡಾಕ್ಟರ್ ಸಾಹೇಬ್ರು. ಬಂದವನ್ನ, ನಿನ್ನ ತಂಗಿ ಹೆಸರು ನಮ್ಮಲ್ಲಿಲ್ಲ ಅಂತ ಬಾಗಲಾಗಿಂದ ಹೊಳ್ಳಿ ಕಳಿಸಿದವರೂ ಅವರ. ಬರಕೋರಿ, ಇಬ್ಬರ ಹೆಸರು. ಹೊರಗ ಕುಂತಾಕೀದು ಮೂರನೇ ಹೆಸರು ಇದರಾಗ ಇಲ್ಲ, ಹೌದಿಲ್ಲೋ?"

ಸಾಹೇಬರು ಇದು ಈ ಸಭೆಯ ವಿಷಯವಲ್ಲವೆಂದು ಹೇಳಿ ಆ ತಿಂಗಳ ಆಪರೇಷನ್‌ಗಳಿಗೆ ಹೊರಳಿದರು, ಗುರಿ ಮುಟ್ಟಿದ್ದಕ್ಕೆ ಬಸವಂತರಾಯರ ಕೈ ಕುಲುಕಿದರು. ವೀರಭದ್ರಮ್ಮನವರು ಅಲ್ಲಿಂದಲೇ ಎದ್ದು ಹೋಗಿ, ಉಗ್ರಾಣದ ಬೀಗ ತೆಗೆಸಿ, ಪೆಟ್ಟಿಗೆಯನ್ನು ಮಕ್ತುಂಬೀಯ ಮಡಿಲಿಗಿಟ್ಟರು. ಯಾರೂ ತಡೆಯಲಿಲ್ಲ. ಗಂಡನ ಊರಿನ ಕೇಂದ್ರ 'ತವರಿಗೆ ಹೋದವಳು' ಎಂದಿತು, ತವರಿನ ಕೇಂದ್ರ 'ನಮ್ಮವಳಲ್ಲ' ಎಂದಿತು. ಆ ವರ್ಷ ಸತ್ತ ಬಾಣಂತಿಯರ ಲೆಕ್ಕದಲ್ಲಿ ಹೊನ್ನೂರಮ್ಮ ಎಲ್ಲಿಯೂ ಸಾಯಲಿಲ್ಲ! ಹೆಣ ಸುಳ್ಳೇ, ಆಡಿನ ಹಾಲು ಚೀಪುತ್ತಿದ್ದ ಕೂಸು ಸುಳ್ಳೇ? ಇದನ್ನು ಬರೆಯುವಾಗ ಇಂದಿಗೂ ಮೈ ಉರಿಯುತ್ತದೆ.

ಆಮೇಲೆಯೂ ಅವರು ಕುಬುಸಗಳಿಗೆ ಹೋಗುವುದನ್ನು ಬಿಡಲಿಲ್ಲ, ಆದರೆ ಅಲ್ಲಿ ಆಡುವ ಮಾತು ಬೇರೆಯಾಯಿತು. ಸೂಜಿ ಹಾಕಿ ಮುಗಿಸಿ, ಆರತಿಯ ತಟ್ಟೆ ಕೆಳಗಿಡುವ ಮೊದಲೇ ಎಲ್ಲರಿಗೂ ಕೇಳುವಂತೆ ಹೇಳುವರು: "ಸರ್ಕಾರದ ಜೀಪು ಬರೂದಿಲ್ಲ. ಬರ್ತೀವಿ ಅಂತ ನಾನೇ ಅಂದ್ರೂ ನಂಬಬ್ಯಾಡ್ರಿ. ಊರಾಗ ಯಾರದು ಟ್ರ್ಯಾಕ್ಟರ್ ಐತಿ, ಕರೀರಿ ಅವರನ್ನ." ಕಾಲುವೆ ನೀರಿನಿಂದ ನಾಲ್ಕು ಕಾಸು ಕಂಡು ಟ್ರ್ಯಾಕ್ಟರ್ ಕೊಂಡ ಯಜಮಾನರನ್ನು ಮುತ್ತೈದೆಯರ ನಡುವೆ ನಿಲ್ಲಿಸಿ, ಕೈಗೆ ಅಕ್ಕಿಕಾಳು ಕೊಟ್ಟು, ಬ್ಯಾನೆ ಬಂದ ಗಳಿಗೆಯಲ್ಲಿ ಈ ಹುಡುಗಿಯನ್ನು ಸಿಂಧನೂರಿಗೋ ಲಿಂಗಸುಗೂರಿಗೋ ಮುಟ್ಟಿಸುತ್ತೇನೆಂದು ಅವರಿಂದ ಹೇಳಿಸಿ, ಅದನ್ನು ಬಸುರಿಯ ಉಡಿಗೆ ಹಾಕಿಸುತ್ತಿದ್ದರು. ಉಡಿಗೆ ಬಿದ್ದ ಅಕ್ಕಿಯನ್ನು ಸುಳ್ಳು ಮಾಡುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಗೊಣಗಿದವರಿದ್ದರು, ಕೊಟ್ಟ ಮಾತು ತಪ್ಪಿದವರನ್ನು ಮಾತ್ರ ಕಾಣೆ. ಎಷ್ಟೋ ಹೆಣ್ಣುಮಕ್ಕಳು ಗೊಬ್ಬರದ ವಾಸನೆಯ ಟ್ರೇಲರಿನಲ್ಲಿ ಕೌದಿಯ ಮೇಲೆ ಮಲಗಿ ದೊಡ್ಡ ದವಾಖಾನೆ ಮುಟ್ಟಿ, ಕೂಸಿನೊಂದಿಗೆ ಹಿಂದಿರುಗಿದರು.

ಇಲಾಖೆ ಇದನ್ನು ಸಹಿಸಲಿಲ್ಲ. ಸರ್ಕಾರಿ ನೌಕರರಾಗಿದ್ದು ಸರ್ಕಾರದ ಸೇವೆಯ ಬಗ್ಗೆ ಸಾರ್ವಜನಿಕರಲ್ಲಿ ಅಪನಂಬಿಕೆ ಹುಟ್ಟಿಸುತ್ತಿದ್ದೀರಿ, ಕಾರಣ ಕೊಡಿ ಎಂದು ನೋಟೀಸು ಬಂತು. "ಏನಂತ ಉತ್ತರ ಬರೀತಿ?" ಎಂದು ಶಿ‍ವಶರಣಪ್ಪನವರು ಹೆದರಿ ಕೇಳಿದಾಗ, "ಹೌದು ಅಂತ ಬರೀತೀನಿ," ಎಂದರು, ಹಾಗೇ ಬರೆದರು. ರಾಯಚೂರಿನ ಔಷಧಿ ಉಗ್ರಾಣಕ್ಕೆ ಅವರನ್ನು ವರ್ಗ ಮಾಡಿದರು, ಬಸುರಿಯರ ಮುಖ ಕಾಣದ, ಹತ್ತಿಯುಂಡೆ ಎಣಿಸುವ ಕೋಣೆಗೆ. ಆ ಆದೇಶವನ್ನು ಮಸ್ಕಿಯ ಮನೆಬಾಗಿಲಿಗೆ ತಂದು ಮುಟ್ಟಿಸಲು ಇಲಾಖೆಗೆ ಅಂದು ಜೀಪು ಸಿಕ್ಕಿತ್ತು. ತೊಂಬತ್ತರ ದಶಕದ ನಡುವೆ ಸರ್ಕಾರ ಟಾರ್ಗೆಟ್ ಪದ್ಧತಿಯನ್ನೇ ಕೈಬಿಟ್ಟಾಗ, ಅದು ತಪ್ಪೆಂದು ತಮಗೆ ಮೊದಲೇ ಗೊತ್ತಿತ್ತೆಂದು ಹೇಳಿಕೊಂಡವರಲ್ಲಿ ಬಸವಂತರಾಯರೂ ಇದ್ದರು. ವೀರಭದ್ರಮ್ಮನವರು ಅದೇ ಉಗ್ರಾಣದಿಂದ ನಿವೃತ್ತರಾದರು.

ಮೇಲ್ವಿಚಾರಣೆಗೆಂದು ನೇಮಕವಾದವರು ಲೋಕದಲ್ಲಿ ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ತಮಗಿಂತ ಕೆಳಗಿನವರ ಕೈ ಕೊಳೆಯಾಗಿದೆಯೇ ಎಂದು ನೋಡುವುದರಲ್ಲೇ ಪಿಂಚಣಿಯವರೆಗೆ ಕಾಲ ಕಳೆಯುತ್ತಾರೆ, ಅದಕ್ಕೆ ಯಾರ ಆಕ್ಷೇಪವೂ ಇರುವುದಿಲ್ಲ. ಅಪರೂಪಕ್ಕೊಬ್ಬರು ಮೊದಲು ತಮ್ಮ ಕೈಯನ್ನು ತಿರುವಿ ನೋಡಿಕೊಳ್ಳುತ್ತಾರೆ, ಕಂಡದ್ದನ್ನು ಹತ್ತು ಜನರೆದುರು ಹೇಳುತ್ತಾರೆ, ಆಮೇಲೆ ತಲೆಯೆತ್ತಿ ಮೇಲಿನವರ ಕೈ ನೋಡುತ್ತಾರೆ. ಅಂಥವರಿಗೆ ಯಾವ ಇಲಾಖೆಯೂ ಸನ್ಮಾನ ಮಾಡುವುದಿಲ್ಲ, ಮಾಡಲಾರದು. ತಾನು ಹೆಸರಿಲ್ಲದಂತೆ ಮಾಡಿದ ಹೆಣಗಳಿಗೆಲ್ಲ ಅವರು ಹೆಸರು ಕೊಡುತ್ತಾರೆಂಬ ಭಯ ಅದಕ್ಕೆ. ಹೊನ್ನೂರಮ್ಮ ಸತ್ತದ್ದು ನಿಜವೆಂದು ಸರ್ಕಾರದ ಕಡೆಯಿಂದ ಒಪ್ಪಿಕೊಂಡವರು ಆ ಕಾಲದಲ್ಲಿ ಒಬ್ಬರೇ ಒಬ್ಬರು, ಅದೂ ತಾನೇ ಕೊಂದೆನೆಂಬಂತೆ.